ಚಲನಚಿತ್ರ ನಿರ್ದೇಶಕರು ದೂರದರ್ಶನದತ್ತ ಬಂದದ್ದೇಕೆ?

1980ರ ದಶಕದಲ್ಲಿ ಶ್ಯಾಮ್ ಬೆನೆಗಲ್, ಗೋವಿಂದ ನಿಹಲಾನಿ, ಶಂಕರ್ ನಾಗ್ ಅವರಂತಹ ನಿರ್ದೇಶಕರು ದೂರದರ್ಶನಕ್ಕಾಗಿ ಧಾರಾವಾಹಿಗಳನ್ನು ಮಾಡಿದ್ದಕ್ಕೆ ಮುಖ್ಯ ಕಾರಣವೆಂದರೆ, ಚಿತ್ರಮಂದಿರ ಕೊಡಲಾಗದಿದ್ದ ದೇಶವ್ಯಾಪಿ ಪ್ರೇಕ್ಷಕರನ್ನೂ ದೀರ್ಘ ಕಥನಕ್ಕೆ ಬೇಕಾದ ಕಾಲಾವಕಾಶವನ್ನೂ ಅದು ಒದಗಿಸಿತು.

1959ರಲ್ಲಿ ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ಸೇವೆ 1982ರಲ್ಲಿ ಬಣ್ಣಕ್ಕೂ ರಾಷ್ಟ್ರೀಯ ಪ್ರಸಾರಕ್ಕೂ ತೆರೆದುಕೊಂಡಿತು. ಆದರೆ ನಿಜವಾದ ತಿರುವು, ನನ್ನ ದೃಷ್ಟಿಯಲ್ಲಿ, ಪ್ರಾಯೋಜಕತ್ವದ ಪದ್ಧತಿಯೇ. 1984ರ 'ಹಮ್ ಲೋಗ್' ಧಾರಾವಾಹಿಯಿಂದ ನೆಲೆಯೂರಿದ ಈ ಪದ್ಧತಿಯಲ್ಲಿ ಕಂಪನಿಯೊಂದು ಕಾರ್ಯಕ್ರಮಕ್ಕೆ ಹಣ ಹೂಡಿ, ಪ್ರತಿಯಾಗಿ ಜಾಹೀರಾತಿನ ಸಮಯವನ್ನು ಪಡೆಯುತ್ತಿತ್ತು. ಹೀಗಾಗಿ, ಹಂಚಿಕೆದಾರರು ಸಿಗದೆ ಸೊರಗುತ್ತಿದ್ದ ಹೊಸ ಅಲೆಯ, ಅಂದರೆ ವಾಣಿಜ್ಯ ಸೂತ್ರಗಳಿಂದ ದೂರವಿದ್ದ, ಚಿತ್ರಗಳ ನಿರ್ದೇಶಕರು ಟಿಕೆಟ್ ಮಾರಾಟವನ್ನು ನೆಚ್ಚದೆ ಕೆಲಸ ಮಾಡುವುದು ಸಾಧ್ಯವಾಯಿತು.

ನೆಹರೂ ಅವರ 'ದಿ ಡಿಸ್ಕವರಿ ಆಫ್ ಇಂಡಿಯಾ' ಕೃತಿಯನ್ನು ಆಧರಿಸಿ ಬೆನೆಗಲ್ 'ಭಾರತ್ ಏಕ್ ಖೋಜ್' ಧಾರಾವಾಹಿಯ 53 ಕಂತುಗಳಲ್ಲಿ ಭಾರತದ ಇತಿಹಾಸವನ್ನು ನಿರೂಪಿಸಿದರು. ಎರಡೂವರೆ ಗಂಟೆಯ ಚಿತ್ರವೊಂದರಲ್ಲಿ ಇದು ಊಹೆಗೂ ನಿಲುಕದ ಮಾತು. ಆರ್. ಕೆ. ನಾರಾಯಣ್ ಅವರ ಕಥೆಗಳ ಕಾಲ್ಪನಿಕ ಊರಾದ ಮಾಲ್ಗುಡಿಯನ್ನು ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಗಾಗಿ ಆಗುಂಬೆಯಲ್ಲಿ ಕಟ್ಟಿ ನಿಲ್ಲಿಸಿದಾಗ, ಅನಂತನಾಗ್, ಗಿರೀಶ್ ಕಾರ್ನಾಡ್ ಮೊದಲಾದ ಕನ್ನಡದ ಕಲಾವಿದರು ಇಡೀ ದೇಶದ ಮನೆಗಳನ್ನು ಹೊಕ್ಕರು.