ಸಂಪಾದಕರ ಉತ್ತರ: ಇಪ್ಪತ್ತೊಂದು ಮೈಲಿಯೋ, ನಲವತ್ತೆರಡೋ?

ತೀರ್ಥಹಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: “ಆರತಿ ಸಾಹಾ ಅವರು ಇಂಗ್ಲಿಷ್ ಕಾಲುವೆಯಲ್ಲಿ 42 ಮೈಲಿ ಈಜಿದರೆಂದು ನಿಮ್ಮ ಲೇಖನದಲ್ಲಿದೆ. ಭೂಪಟದಲ್ಲಿ ಅಳೆದರೆ ಅಂತರ 21 ಮೈಲಿ ಮಾತ್ರ. ಹೊಗಳುವ ಭರದಲ್ಲಿ ಲೆಕ್ಕ ತಪ್ಪಬಾರದು. ಅವರು ಸೋತ ಮೊದಲ ಪ್ರಯತ್ನಕ್ಕೆ ಇಡೀ ಒಂದು ಪುಟ ಏಕೆ ಬೇಕಿತ್ತು?”

ಮಾನ್ಯರೇ,

ಭೂಪಟ ಹರಡಿಕೊಂಡು ಲೇಖನ ಓದುವವರು ಇದ್ದಾರೆಂಬುದು ನಮಗೆ ಸಂತೋಷದ ಸಂಗತಿ. ತಮ್ಮ 21 ಮೈಲಿ ಸರಿ. ನಾವು ಬರೆದ 42 ಮೈಲಿಯೂ ಸರಿಯೇ. ಎರಡಕ್ಕೂ ಹೇಗೆ ಹೊಂದಿಕೆಯಾಗುತ್ತದೆಂದು ವಿವರಿಸದೆ ಬಿಟ್ಟದ್ದು ನಮ್ಮ ತಪ್ಪು.

ತಾವು ತುಂಗೆಯ ದಡದವರು. ಹೊಳೆ ತುಂಬಿದಾಗ ಎದುರು ದಡದ ಕಡವಿಗೆ ದೋಣಿ ಮುಟ್ಟಿಸಬೇಕಾದ ಅಂಬಿಗನು ಈಚೆ ದಡದಲ್ಲಿಯೇ ಸಾಕಷ್ಟು ಮೇಲಕ್ಕೆ ಹೋಗಿ, ಆಮೇಲೆ ಹೊಳೆಗೆ ಅಡ್ಡ ಬೀಳುವುದನ್ನು ಕಂಡಿರುತ್ತೀರಿ. ಹೊಳೆಯಾದರೋ ಒಂದೇ ಕಡೆಗೆ ಹರಿಯುತ್ತದೆ. ಇಂಗ್ಲಿಷ್ ಕಾಲುವೆಯ ನೀರು ಸುಮಾರು ಆರು ಗಂಟೆಗೊಮ್ಮೆ ದಿಕ್ಕು ಬದಲಿಸಿ, ಒಮ್ಮೆ ಈಶಾನ್ಯಕ್ಕೆ, ಒಮ್ಮೆ ನೈಋತ್ಯಕ್ಕೆ, ಈಜುವವರ ದಾರಿಗೆ ಅಡ್ಡಲಾಗಿ ಎಳೆಯುತ್ತದೆ. ಪಳಗಿದ ಈಜುಗಾರರೂ ಅಲ್ಲಿ ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ಸಾಗಿದರೆ ಹೆಚ್ಚು. ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ನೀರಿನ ಸೆಳೆತವೇ ಅದಕ್ಕಿಂತ ವೇಗವಾಗಿರುತ್ತದೆ. ಆದ್ದರಿಂದಲೇ ಅಷ್ಟಮಿಯ ಆಸುಪಾಸಿನ ದಿನಗಳಿಗೆ ಅಲ್ಲಿ ಬೇಡಿಕೆ ಹೆಚ್ಚು. ಹೀಗೆ ಆಚೀಚೆ ಎಳೆಯಲ್ಪಟ್ಟ ದಾರಿಯನ್ನು ನಕ್ಷೆಯಲ್ಲಿ ಗುರುತಿಸಿದರೆ ಅದು ಹಾವು ಹರಿದಂತೆ ಕಾಣುತ್ತದೆ. ಆರತಿಯವರ 42 ಮೈಲಿ ಆ ದಾರಿಯ ಉದ್ದ.

ತಮ್ಮ ಎರಡನೆಯ ಪ್ರಶ್ನೆಗೂ ಉತ್ತರ ಇದೇ ನೀರಿನಲ್ಲಿದೆ. 1959ರ ಆಗಸ್ಟ್ 27ರಂದು ಫ್ರಾನ್ಸಿನ ಗ್ರಿನೇ ಭೂಶಿರದಿಂದ ನಡುರಾತ್ರಿ ಒಂದು ಗಂಟೆಗೆ ಸ್ಪರ್ಧೆ ಆರಂಭವಾಗಬೇಕಿತ್ತು. ಆರತಿಯವರಿಗೆ ದಾರಿ ತೋರಬೇಕಾದ ದೋಣಿ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಅವರು ನೀರಿಗಿಳಿದದ್ದು 40 ನಿಮಿಷ ತಡವಾಗಿ. ನೆಲದ ಮೇಲಿನ ಓಟದಲ್ಲಿ 40 ನಿಮಿಷ ತಡವೆಂದರೆ 40 ನಿಮಿಷ ಹಿಂದೆ, ಅಷ್ಟೇ. ಕಡಲಿನಲ್ಲಿ ಅನುಕೂಲದ ಹೊತ್ತು ಒಮ್ಮೆ ಕೈತಪ್ಪಿದರೆ ಮತ್ತೆ ಸಿಗುವುದಿಲ್ಲ. ಅದೇ ದಿನ ಬೆಳಗಿನ ಹನ್ನೊಂದಕ್ಕೆ ಇಂಗ್ಲೆಂಡಿನ ದಡ ಇನ್ನು ಐದೇ ಮೈಲಿ ಎನ್ನುವಲ್ಲಿ ಎದುರು ಸೆಳೆತ ಹಿಡಿಯಿತು. ಅಲ್ಲಿಂದ ಸಂಜೆ ನಾಲ್ಕರವರೆಗೆ ಕೈಕಾಲು ಬಡಿದರೂ ಸಾಗಿದ್ದು ಎರಡು ಮೈಲಿಯಷ್ಟೇ. ಮುಂದುವರಿಯುವ ಛಲವಿದ್ದರೂ ದೋಣಿಯವರ ಒತ್ತಾಯಕ್ಕೆ ಮಣಿದು ಅವರು ಮೇಲೇರಬೇಕಾಯಿತು. ಆ ಐದು ಗಂಟೆಗಳನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡಲು ನಮಗೆ ಮನಸ್ಸು ಬರಲಿಲ್ಲ.

ಕಲ್ಕತ್ತೆಯಲ್ಲಿ ಹುಟ್ಟಿ, ಹೂಗ್ಲಿಯ ಚಾಂಪಾತಲಾ ಘಾಟಿನಲ್ಲಿ ಎಳವೆಯಲ್ಲಿಯೇ ಈಜು ಕಲಿತು, ಹನ್ನೆರಡು ತುಂಬುವ ಮೊದಲೇ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದ್ದ ಆ ಹುಡುಗಿ ಈ ಸೋಲಿನ ಬಳಿಕ ಊರಿಗೆ ಮರಳದೆ ಅಲ್ಲಿಯೇ ಉಳಿದು ಒಂದು ತಿಂಗಳು ಕಾದಳು. ಸೆಪ್ಟೆಂಬರ್ 29ರಂದು, ಹತ್ತೊಂಬತ್ತು ತುಂಬಿದ ಐದನೆಯ ದಿನ, ಅದೇ ಭೂಶಿರದಿಂದ ಬೆಳಗಿನ 5.55ಕ್ಕೆ ಮತ್ತೆ ನೀರಿಗಿಳಿದು, 16 ಗಂಟೆ 20 ನಿಮಿಷಗಳ ನಂತರ, ಕತ್ತಲಾದ ಮೇಲೆ ಸ್ಯಾಂಡ್‌ಗೇಟ್ ದಡ ಹತ್ತಿದಳು. ಕಾಲುವೆ ದಾಟಿದ ಮೊದಲ ಏಷ್ಯನ್ ಮಹಿಳೆ ಅವರೇ. ಹಿಂದಿನ ವರ್ಷ ಆಗಿನ ಪೂರ್ವ ಪಾಕಿಸ್ತಾನದ ಬ್ರೊಜೆನ್ ದಾಸ್, ಅವರ ಬೆನ್ನಿಗೇ ಭಾರತದ ಮಿಹಿರ್ ಸೇನ್ ದಾಟಿದ್ದರು. 1960ರಲ್ಲಿ ಆರತಿಯವರಿಗೆ ಪದ್ಮಶ್ರೀ ಬಂದಿತು. 1994ರಲ್ಲಿ ಕಾಮಾಲೆಯಿಂದ ತೀರಿಕೊಂಡಾಗ ಅವರಿಗೆ ಐವತ್ಮೂರು ವರ್ಷ.

ಮುಂದಿನ ಸಂಚಿಕೆಯಲ್ಲಿ ಕಾಲುವೆಯ ಸೆಳೆತದ ದಿಕ್ಕುಗಳನ್ನು ತೋರಿಸುವ ನಕ್ಷೆಯೊಂದನ್ನು ಅಚ್ಚು ಹಾಕುತ್ತೇವೆ. ದಯವಿಟ್ಟು ಅದನ್ನೂ ಅಳೆದು ನೋಡಿ ಬರೆಯಿರಿ.

— ಸಂಪಾದಕ