ಸಂಪಾದಕರ ಉತ್ತರ: ಲೈಸೆನ್ಸ್ ಕೋಣೆಯಲ್ಲಿ, ಸವಾರ ರಸ್ತೆಯಲ್ಲಿ

ಪ್ರಿಯ ಓದುಗರೇ,

ಥಾಯ್ಲೆಂಡಿನ ದ್ವೀಪವೊಂದರಲ್ಲಿ ಬಾಡಿಗೆ ಸ್ಕೂಟರ್ ಓಡಿಸುತ್ತಿದ್ದಾಗ ಪೊಲೀಸರು ತಡೆದರು, ಲೈಸೆನ್ಸ್ ಹೋಟೆಲಿನ ಕೋಣೆಯಲ್ಲಿದೆ ಎಂದರೂ ಕೇಳದೆ ದಂಡ ಹಾಕಿದರು ಎಂದು ಬೇಸರದಿಂದ ಬರೆದಿದ್ದೀರಿ. "ಬಾಡಿಗೆಗೆ ಕೊಟ್ಟವನೇ ಲೈಸೆನ್ಸ್ ಕೇಳಲಿಲ್ಲ, ವರ್ಷಗಟ್ಟಲೆ ಗಾಡಿ ಓಡಿಸಿ ಪಳಗಿದ ನನ್ನ ಕೈಗಿಂತ ಒಂದು ಕಾಗದ ದೊಡ್ಡದೇ?" ಎಂದು ಕೇಳಿದ್ದೀರಿ. ಇಷ್ಟು ನೇರವಾಗಿ ಕೇಳುವವರು ಕಡಿಮೆ. ಹಾಗಾಗಿ ಉತ್ತರವೂ ನೇರವಾಗಿಯೇ ಇರಲಿ.

ಪ್ರವಾಸಿಗರು ಹೆಚ್ಚಾಗಿ ಓಡಾಡುವ ದಾರಿಗಳಲ್ಲೇ ತಪಾಸಣೆ ಬಿಗಿಯಾಗಿರುತ್ತದೆ ಎಂಬ ನಿಮ್ಮ ದೂರನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂಗಡಿಯವನು ಕೇಳಲಿಲ್ಲ ಎಂಬುದನ್ನು ಅನುಮತಿ ಎಂದು ಓದಿಕೊಂಡಿರಲ್ಲ, ನನ್ನ ತಕರಾರು ಅಲ್ಲಿಂದಲೇ ಶುರು. ಅವನು ನಿಮ್ಮ ಪಾಸ್‌ಪೋರ್ಟನ್ನು ಮಾತ್ರ ತಪ್ಪದೆ ಕೇಳಿ ಒತ್ತೆಯಿಟ್ಟುಕೊಂಡ ಎಂದು ನೀವೇ ಬರೆದಿದ್ದೀರಿ. ಅವನ ಚಿಂತೆ ಅವನ ಸ್ಕೂಟರಿನದು. ನಿಮ್ಮ ಚಿಂತೆ ನಿಮ್ಮದು. ರಸ್ತೆ ದಾಟುತ್ತಿರುವ ಮುದುಕಿಯ ಚಿಂತೆ ಯಾರದು?

ಪಳಗಿದ ಕೈಯ ವಾದಕ್ಕೆ ಬರೋಣ. ಮೋಟಾರು ಗಾಡಿಯನ್ನೇ ಕಟ್ಟಿದ ಕಾರ್ಲ್ ಬೆಂಜ್, ಅದರ ಸದ್ದು ಮತ್ತು ವಾಸನೆಯ ಬಗ್ಗೆ ಜನ ದೂರಿದಾಗ, ಸಾರ್ವಜನಿಕ ರಸ್ತೆಯಲ್ಲಿ ಅದನ್ನು ಓಡಿಸಲು 1888ರಲ್ಲಿ ಸರ್ಕಾರದಿಂದ ಲಿಖಿತ ಅನುಮತಿ ಪಡೆಯಬೇಕಾಯಿತು. ಆ ಯಂತ್ರವನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಆದರೂ ಅವನ ಅರಿವೊಂದೇ ಸಾಲಲಿಲ್ಲ, ಏಕೆಂದರೆ ರಸ್ತೆ ಅವನೊಬ್ಬನದಾಗಿರಲಿಲ್ಲ. ನಿಮ್ಮ ನೈಪುಣ್ಯ ನಿಮಗೆ ಗೊತ್ತು, ಎದುರಿನಿಂದ ಬರುವ ಅಪರಿಚಿತನಿಗೆ ಗೊತ್ತಿಲ್ಲ. ಅವನ ಪರವಾಗಿ ಅದನ್ನು ಪರೀಕ್ಷಿಸಿ ಬರೆದುಕೊಟ್ಟದ್ದೇ ಆ ಕಾಗದ.

ಗಡಿಯಾಚೆಗೂ ಆ ಬರಹಕ್ಕೆ ಬೆಲೆ ಇರಲೆಂದೇ 1949ರ ಜಿನೀವಾ ಮತ್ತು 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದಗಳಾದವು. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಎಂದು ನಾವು ಕರೆಯುವ ಕಿರುಪುಸ್ತಕ ಮೂಲ ಲೈಸೆನ್ಸಿನ ಅನುವಾದವಷ್ಟೆ. ಮೂಲ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ವಿಯೆಟ್ನಾಂ ಮಾನ್ಯ ಮಾಡುವುದು 1968ರ ಒಪ್ಪಂದದಡಿ ಕೊಟ್ಟ ಪುಸ್ತಕವನ್ನು, 1949ರದ್ದು ಅಲ್ಲಿ ನಡೆಯುವುದಿಲ್ಲ. ಇನ್ನು ವಾಹನ ವರ್ಗದ ಮಾತು: ಈ ಒಪ್ಪಂದಗಳ ಪ್ರಕಾರ ಕಾರು 'ಬಿ', ಮೋಟಾರ್ ಸೈಕಲ್ 'ಎ'. 125 ಸಿಸಿ ಸ್ಕೂಟರನ್ನು ಕಾರಿನ ಲೈಸೆನ್ಸಿನ ಮೇಲೆ ಓಡಿಸುವ ಎಷ್ಟೋ ಪ್ರವಾಸಿಗರು, ಅದನ್ನು ಜೇಬಿನಲ್ಲಿಟ್ಟುಕೊಂಡಿದ್ದರೂ, ಅನೇಕ ದೇಶಗಳ ಕಾನೂನಿನ ಕಣ್ಣಿನಲ್ಲಿ ಲೈಸೆನ್ಸ್ ಇಲ್ಲದವರೇ.

ನನ್ನ ಪರಿಚಿತರೊಬ್ಬರು ಇದನ್ನು ಆಸ್ಪತ್ರೆಯಲ್ಲಿ ತಿಳಿದುಕೊಂಡರು. ತಿರುವಿನಲ್ಲಿ ಹರಡಿದ್ದ ಮರಳಿನ ಮೇಲೆ ಮುಂದಿನ ಬ್ರೇಕ್ ಹಿಡಿದದ್ದೇ ತಡ, ಸ್ಕೂಟರ್ ಜಾರಿ ಬಿತ್ತು. ಮೊಣಕೈ ಚರ್ಮ ಕಿತ್ತುಬಂದಿತ್ತು. ಬಲಗಾಲಿನ ಮೀನಖಂಡ ಕಾದ ಸೈಲೆನ್ಸರಿನ ಅಡಿ ಸಿಕ್ಕಿ ಅಂಗೈಯಗಲ ಬೊಬ್ಬೆ ಎದ್ದಿತ್ತು. ಭುಜದ ಮೂಳೆ ಮುರಿದಿತ್ತು. ವಿಮೆಯವರು ಕೇಳಿದ ಮೊದಲ ದಾಖಲೆ ಲೈಸೆನ್ಸ್. ಅವರ ಬಳಿ ಇದ್ದದ್ದು ಕಾರಿನದು, ಕ್ಲೇಮು ತಿರಸ್ಕೃತವಾಯಿತು. ಹೆಚ್ಚಿನ ಪ್ರವಾಸ ವಿಮೆಗಳಲ್ಲಿ ಈ ಷರತ್ತು ಇದ್ದೇ ಇರುತ್ತದೆ. ಹೊರಡುವ ಮುನ್ನ ಅದನ್ನು ಓದುವವರು ಮಾತ್ರ ವಿರಳ.

ನಿಮ್ಮನ್ನು ತಡೆದ ಆ ಪೊಲೀಸನ ಬಗ್ಗೆಯೂ ಎರಡು ಮಾತು. ವಿಶ್ವ ಆರೋಗ್ಯ ಸಂಸ್ಥೆಯ 2018ರ ವರದಿಯ ಪ್ರಕಾರ ಥಾಯ್ಲೆಂಡಿನ ರಸ್ತೆ ಸಾವುಗಳಲ್ಲಿ ಸುಮಾರು ಮುಕ್ಕಾಲು ಪಾಲು ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳ ಸವಾರರದು. ಇಷ್ಟು ಹೆಣಗಳನ್ನು ಎತ್ತಿದ ದೇಶವೊಂದು ಸ್ಕೂಟರ್ ಸವಾರನನ್ನು ನಿಲ್ಲಿಸಿ ಲೈಸೆನ್ಸ್ ಕೇಳಿದರೆ ಅದನ್ನು ಕಿರುಕುಳ ಎನ್ನಲು ನನಗೆ ನಾಲಗೆ ಏಳದು. ಅತಿಥಿಯಾಗಿ ಹೋದ ಮನೆಯಲ್ಲಿ ಚಪ್ಪಲಿ ಹೊರಗೆ ಬಿಡಿ ಎಂದರೆ ನಾವು ವಾದಕ್ಕೆ ನಿಲ್ಲುವುದಿಲ್ಲವಷ್ಟೆ.

ಆದರೆ ತಪ್ಪೆಲ್ಲ ನಿಮ್ಮದೆಂದು ನಾನು ಭಾವಿಸಿಲ್ಲ. ಪರಊರಿಗೆ ಹೋದೊಡನೆ ನಿಯಮಗಳು ಸಡಿಲವಾಗುತ್ತವೆ ಎಂಬ ಭ್ರಮೆಯನ್ನು ಬಿತ್ತಿದವರು ಪ್ರವಾಸ ಬರಹಗಾರರು, ಅದಕ್ಕೆ ನೀರೆರೆದವರು ಅಂಥ ಲೇಖನಗಳಿಗೆ ಪುಟ ಕೊಡುವ ಪತ್ರಿಕೆಗಳು. ಗಾಳಿಗೆ ಕೂದಲು ಹಾರಾಡಿಸುತ್ತ, ಕಾಲಲ್ಲಿ ಹವಾಯಿ ಚಪ್ಪಲಿ ಹಾಕಿಕೊಂಡು ಕಡಲ ದಂಡೆಯಲ್ಲಿ ಸ್ಕೂಟರ್ ಓಡಿಸುವ ಚಿತ್ರವನ್ನೇ ಸ್ವಾತಂತ್ರ್ಯದ ಚಿತ್ರವೆಂದು ಮಾರುತ್ತಾರೆ. ಹೆಲ್ಮೆಟ್ ಧರಿಸಿದರೆ ಸಾಯುವ ಅಪಾಯ ಸುಮಾರು ಶೇ 42ರಷ್ಟು ತಗ್ಗುತ್ತದೆಂದು ಅಧ್ಯಯನಗಳು ಹೇಳುತ್ತಿರುವಾಗ ಇದು ಬೇಜವಾಬ್ದಾರಿಯ ಪರಮಾವಧಿ. ಬರಿದಲೆಯ ಸವಾರಿಯ ಚಿತ್ರಗಳನ್ನು ಮುಂದಿನ ಸಂಚಿಕೆಯಿಂದ ನಮ್ಮ ಪ್ರವಾಸ ಪುಟಗಳಲ್ಲಿ ಪ್ರಕಟಿಸುವುದಿಲ್ಲ. ಬಾಡಿಗೆ ಗಾಡಿಯ ಪ್ರಸ್ತಾಪವಿರುವ ಪ್ರತಿ ಲೇಖನದ ಜೊತೆ ಆ ದೇಶದ ಲೈಸೆನ್ಸ್ ನಿಯಮವನ್ನೂ ಅಚ್ಚು ಮಾಡುತ್ತೇವೆ.

— ಸಂಪಾದಕ