ಇಇಜಿ ನಾರ್ಮಲ್ ಬಂತು ಅಂದರೆ ಮಗ ನಾಟಕ ಮಾಡುತ್ತಿದ್ದಾನೆ ಅಂತಾನಾ?

ಪ್ರಶ್ನೆ: ನನ್ನ ಮಗನಿಗೆ 19 ವರ್ಷ, ಡಿಪ್ಲೊಮಾ ಓದುತ್ತಿದ್ದಾನೆ. ನಾಲ್ಕು ತಿಂಗಳಿಂದ ಕೋಣೆ ಬಿಟ್ಟು ಬರುವುದಿಲ್ಲ. ಫ್ಯಾನಿನ ಸದ್ದಿನೊಳಗೆ ಇಬ್ಬರು ತನ್ನ ಬಗ್ಗೆ ಮಾತಾಡುತ್ತಾರೆ ಅನ್ನುತ್ತಾನೆ. ಎಷ್ಟೇ ಸೆಕೆಯಾದರೂ ಫ್ಯಾನ್ ಹಾಕಲು ಬಿಡುವುದಿಲ್ಲ. ಡಾಕ್ಟರು ಸೈಕೋಸಿಸ್‌ನ (ನಿಜ ಯಾವುದು, ಭ್ರಮೆ ಯಾವುದು ಅಂತ ತಿಳಿಯದಾಗುವ ಕಾಯಿಲೆ) ಶುರು ಅಂದರು. ಮಾತ್ರೆ ಬರೆದು ಇಇಜಿ, ಅಂದರೆ ಮಿದುಳಿನ ಅಲೆಗಳನ್ನು ದಾಖಲಿಸುವ ಟೆಸ್ಟ್ ಮಾಡಿಸಿದರು. ಅದು ನಾರ್ಮಲ್ ಬಂತು. ‘ತಲೆಯಲ್ಲಿ ಏನೂ ಇಲ್ಲ, ಪರೀಕ್ಷೆ ತಪ್ಪಿಸಲು ನಾಟಕ’ ಅಂತ ನಮ್ಮ ಯಜಮಾನರು ಮಾತ್ರೆ ನಿಲ್ಲಿಸಿಬಿಟ್ಟಿದ್ದಾರೆ. ಈ ಕಾಯಿಲೆಯಲ್ಲಿ ಮಿದುಳಿನ ಅಲೆಗಳು ಏರುಪೇರಾಗುತ್ತವೆ ಅಂತ ನಾನು ಓದಿದ್ದೆ. ಯಾವುದು ನಿಜ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ಮೊದಲು ಒಂದು ಕೆಲಸ. ಈ ಪುಟ ಓದಿ ಮುಗಿಸುವುದಕ್ಕೂ ಮುಂಚೆ ಆ ಡಾಕ್ಟರಿಗೆ ಫೋನ್ ಮಾಡಿ, ಮಾತ್ರೆ ನಿಂತು ಎಷ್ಟು ದಿನವಾಯಿತು ಅಂತ ತಿಳಿಸಿ. ಮತ್ತೆ ಹೇಗೆ ಶುರು ಮಾಡಬೇಕು ಅಂತ ಅವರೇ ಹೇಳಲಿ. ಅವರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ರಾತ್ರಿಯಾದರೂ ಕನ್ನಡದಲ್ಲೇ ಮಾತಾಡಬಹುದು. ಇದರಲ್ಲಿ ತಡವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ, ಅದಕ್ಕೇ ಇಷ್ಟು ಅವಸರ.

ಈಗ ಆ ರಿಪೋರ್ಟ್. ಅದು ನಾರ್ಮಲ್ ಅನ್ನುವುದು ನಿಜ. ನೀವು ಓದಿದ್ದೂ ನಿಜ. ಡಾಕ್ಟರು ಇಇಜಿ ಮಾಡಿಸಿದ್ದು ಸೈಕೋಸಿಸ್ ಹುಡುಕಲು ಅಲ್ಲ, ಬೇರೆಯದು ಇದೆಯಾ ಅಂತ ನೋಡಲು. ಕೆಲವು ಬಗೆಯ ಫಿಟ್ಸ್‌ನಲ್ಲಿ ಕೈಕಾಲು ಅದುರುವುದೇ ಇಲ್ಲ, ಇಲ್ಲದ ದನಿ ಕೇಳಿಸುತ್ತದೆ, ಇಲ್ಲದ ವಾಸನೆ ಬರುತ್ತದೆ. ಮಿದುಳಿನ ಉರಿಯೂತವೂ ಶುರುವಿನಲ್ಲಿ ಥೇಟ್ ಹೀಗೇ ಕಾಣಬಹುದು. ಅಂಥದ್ದರ ಗುರುತು ಸಿಗಲಿಲ್ಲ ಅನ್ನುವುದಷ್ಟೇ ನಿಮ್ಮ ಕೈಯಲ್ಲಿರುವ ಕಾಗದದ ಅರ್ಥ. ಮಗ ಸುಳ್ಳು ಹೇಳುತ್ತಿದ್ದಾನೆ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. 1924ರಲ್ಲಿ ಜರ್ಮನಿಯ ಯೇನಾ ಊರಲ್ಲಿ ಮನುಷ್ಯನ ಮಿದುಳಿನ ಅಲೆಯನ್ನು ಮೊದಲು ದಾಖಲಿಸಿದ ಹಾನ್ಸ್ ಬರ್ಗರ್ ಮನೋವೈದ್ಯರೇ. ಅದಾಗಿ ನೂರು ವರ್ಷ ದಾಟಿತು. ಇವತ್ತಿಗೂ ಬರೀ ಆ ಗೆರೆ ನೋಡಿ ‘ಇದು ಸೈಕೋಸಿಸ್’ ಅನ್ನಲು ಯಾರಿಗೂ ಆಗುವುದಿಲ್ಲ.

ಹಾಗಾದರೆ ಏರುಪೇರು ಎಲ್ಲಿ ಕಾಣುತ್ತದೆ? ನಾನು ಎಂ.ಡಿ. ಓದುವಾಗ ಒಂದು ಪ್ರಯೋಗಕ್ಕೆ ನಾನೇ ಕುಳಿತಿದ್ದೆ. ಹಿಂದಿನ ದಿನವೇ ತಲೆ ತೊಳೆದುಕೊಂಡು, ಎಣ್ಣೆ ಹಚ್ಚದೆ ಬರಬೇಕು ಅಂದಿದ್ದರು. ತಣ್ಣನೆಯ ಪೇಸ್ಟ್ ಹಚ್ಚಿ, ತಲೆ ತುಂಬ ವೈರು ಅಂಟಿಸಿ, ಕಿವಿಗೆ ಹೆಡ್‌ಫೋನ್ ಹಾಕಿದರು. ಟಿಕ್, ಟಿಕ್, ಟಿಕ್, ಟಿಕ್, ಟಣ್. ಅಪರೂಪಕ್ಕೆ ಬರುವ ‘ಟಣ್’ ಮಾತ್ರ ಎಣಿಸಬೇಕು. ಅದು ಕೇಳಿದ ಮೇಲೆ ಸುಮಾರು 300 ಮಿಲಿಸೆಕೆಂಡಿಗೆ ಮಿದುಳಿನಲ್ಲಿ ಒಂದು ಅಲೆ ಏಳುತ್ತದೆ. ಪಿ-300 ಅಂತಾರೆ. ಆದರೆ ಒಂದು ಸಲಕ್ಕೆ ಅದು ಕಣ್ಣಿಗೆ ಬೀಳುವುದೇ ಕಷ್ಟ. ತಗಡಿನ ಮೇಲೆ ಜೋರು ಮಳೆ ಬೀಳುವಾಗ ಒಳಗೆ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳುತ್ತದಾ? ಹಾಗೆ. ಹತ್ತಾರು ಸಲದ ‘ಟಣ್’ ಸೇರಿಸಿ ಸರಾಸರಿ ತೆಗೆದಾಗ ಮಳೆ ಅಳಿಸಿಹೋಗಿ ಆ ತೊಟ್ಟು ಉಳಿಯುತ್ತದೆ. ಮಾಮೂಲಿ ಇಇಜಿಯಲ್ಲಿ ಇದನ್ನೆಲ್ಲ ಮಾಡುವುದಿಲ್ಲ.

ನನ್ನ ನಂತರ ಆಗಷ್ಟೇ ಕಾಯಿಲೆ ಶುರುವಾಗಿದ್ದ ಒಬ್ಬ ಹುಡುಗ ಕೂತ. ಒಂದೂ ತಪ್ಪದೆ ಎಣಿಸಿದ. ಆದರೂ ಅವನ ಅಲೆ ನನ್ನದಕ್ಕಿಂತ ಗಿಡ್ಡ. ಸೈಕೋಸಿಸ್‌ನ ಶುರುವಿನಲ್ಲಿ ಸರಾಸರಿಗೆ ಇದು ಹೀಗೆ ಕುಗ್ಗಿರುತ್ತದೆ ಅಂತ ಎಷ್ಟೋ ದೇಶಗಳಲ್ಲಿ ಕಂಡಿದ್ದಾರೆ. ಆದರೆ ಅವತ್ತು ನಾನು ಮರೆಯದ ಸಂಗತಿ ಬೇರೆ. ಆರೋಗ್ಯವಾಗಿದ್ದ ನಮ್ಮ ಟೆಕ್ನಿಷಿಯನ್ ಅಲೆಯೂ ಹೆಚ್ಚುಕಡಿಮೆ ಆ ಹುಡುಗನದರಷ್ಟೇ ಗಿಡ್ಡವಿತ್ತು! ನೂರು ಜನರ ಗುಂಪನ್ನು ಇನ್ನೊಂದು ನೂರರ ಗುಂಪಿನ ಪಕ್ಕ ಇಟ್ಟರೆ ಕಾಣುವ ವ್ಯತ್ಯಾಸ ಇದು. ಒಬ್ಬನನ್ನು ಕೂರಿಸಿಕೊಂಡು ತೀರ್ಪು ಕೊಡಲು ಸಾಲುವುದಿಲ್ಲ.

ಇನ್ನೊಂದು ವಿಷಯ ನಿಮ್ಮ ಯಜಮಾನರಿಗೆ ಓದಿ ಹೇಳಿ. ನಾವು ಮಾತಾಡುವಾಗ ‘ಈಗ ಬರುವುದು ನಮ್ಮದೇ ದನಿ’ ಅಂತ ಮಿದುಳು ಕೇಳುವ ಭಾಗಕ್ಕೆ ಮೊದಲೇ ಸುದ್ದಿ ಮುಟ್ಟಿಸುತ್ತದೆ. ಅದಕ್ಕೇ ನಮ್ಮ ದನಿಗೆ ಅಲ್ಲಿ ಏಳುವ ಅಲೆ ತಗ್ಗಿರುತ್ತದೆ. ಈ ಕಾಯಿಲೆ ಇರುವವರಲ್ಲಿ ಅಷ್ಟು ತಗ್ಗುವುದಿಲ್ಲ. ಮನಸ್ಸಿನೊಳಗಿನ ಮಾತೇ ಹೊರಗಿನವರ ಮಾತಾಗಿ ಕೇಳಿಸಲು ಇದೂ ಒಂದು ಕಾರಣ ಇರಬಹುದು ಅಂತ ಸಂಶೋಧಕರ ಊಹೆ. ಹೇಗಾದರೂ ಇರಲಿ, ದನಿ ಕೇಳಿಸುವವನಿಗೆ ಅದು ನೀವು ಅಡುಗೆಮನೆಯಿಂದ ಕೂಗಿದಷ್ಟೇ ನಿಜ. ಹತ್ತೊಂಬತ್ತರ ಹುಡುಗ ಪರೀಕ್ಷೆಗೆ ಹೆದರಿ ನಾಲ್ಕು ತಿಂಗಳು ಸೆಕೆಯಲ್ಲಿ ಕೂರುತ್ತಾನಾ, ಹೇಳಿ.

‘ಯಾರೂ ಮಾತಾಡ್ತಿಲ್ಲ’ ಅಂತ ವಾದ ಮಾಡಬೇಡಿ. ‘ನನಗೆ ಕೇಳಿಸ್ತಿಲ್ಲ ಕಣೋ, ಆದರೆ ನಿನಗೆ ಭಯ ಆಗ್ತಿದೆ ಅಲ್ವಾ’ ಅನ್ನಿ. ಸಾಯಬೇಕು ಅನ್ನುವ ಮಾತು ಬಂದರೆ, ಯಾರಿಗಾದರೂ ಏಟು ಮಾಡು ಅಂತ ದನಿ ಹೇಳಿದರೆ, ಅದೇ ಗಳಿಗೆ ಆಸ್ಪತ್ರೆಗೆ ಕರೆದೊಯ್ಯಿರಿ. ಫ್ಯಾನ್ ಸದ್ಯಕ್ಕೆ ಆಫ್ ಇರಲಿ. ಒಂದು ಬೀಸಣಿಗೆ ಹಿಡಿದು ಸುಮ್ನೆ ಅವನ ಪಕ್ಕ ಕೂತುಕೊಳ್ಳಿ.

ಪ್ರಶ್ನೆ: ಅಕ್ಕನಿಗೆ ಸ್ಕಿಜೋಫ್ರೀನಿಯಾ ಇದೆ. ನನ್ನ 14 ವರ್ಷದ ಮಗಳಿಗೂ ಬರುತ್ತದಾ ಅಂತ ಮೊದಲೇ ತಿಳಿಯಲು ‘ಬ್ರೈನ್ ಮ್ಯಾಪಿಂಗ್’ ಮಾಡಿಸಬೇಕೆ?
– ಓದುಗರು, ಶಿರಸಿ

ಉತ್ತರ: ಬೇಡ. ಸ್ಕಿಜೋಫ್ರೀನಿಯಾವೂ ಸೈಕೋಸಿಸ್‌ನ ಒಂದು ಬಗೆ. ಬ್ರೈನ್ ಮ್ಯಾಪಿಂಗ್ ಅಂದರೆ ಇಇಜಿಯ ಅಲೆಗಳನ್ನೇ ಬಣ್ಣದ ಚಿತ್ರವಾಗಿ ತೋರಿಸುವುದು. ಮೇಲೆ ಹೇಳಿದ ಕಾರಣಕ್ಕೇ, ಅಂಥ ಭವಿಷ್ಯ ಹೇಳುವ ಬಣ್ಣದ ಚಿತ್ರ ಇಲ್ಲ. ದೊಡ್ಡಮ್ಮನಿಗಿದ್ದರೆ ಅಪಾಯ ಸ್ವಲ್ಪ ಜಾಸ್ತಿ ನಿಜ, ಆದರೆ ಅಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಬರುವುದೇ ಇಲ್ಲ. ಗಾಂಜಾದಿಂದ ದೂರ ಇರಬೇಕು ಅಂತ ಅವಳಿಗೆ ಕಾರಣ ಸಮೇತ ಹೇಳಿ, ಅದು ಇಂಥ ಮನೆತನಗಳಲ್ಲಿ ಅಪಾಯ ಹೆಚ್ಚಿಸುತ್ತದೆ. ವಾರಗಟ್ಟಲೆ ನಿದ್ದೆ ಕೆಟ್ಟರೆ, ಗೆಳತಿಯರನ್ನೆಲ್ಲ ಬಿಟ್ಟರೆ, ಎಲ್ಲರೂ ತನ್ನನ್ನೇ ನೋಡುತ್ತಾರೆ ಅನ್ನತೊಡಗಿದರೆ ಆಗ ಮನೋವೈದ್ಯರಿಗೆ ತೋರಿಸಿ. ಅಕ್ಕನ ಕಾಯಿಲೆಯ ವಿಷಯ ಅವಳಿಂದ ಮುಚ್ಚಿಡಬೇಡಿ.